ಸಿಕ್ಕು ಬಿಡಿಸೋಣ, ಮುತ್ತು ಕಟ್ಟುವುದು ಬೇಡ

(ಕಲಬುರಗಿಯ ಬ್ರಹ್ಮಪುರದಲ್ಲಿ ಹೆಣ್ಣುಮಕ್ಕಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾವು ಭೂಮಿಯ ಬಗ್ಗೆ, ಕೂಲಿಯ ಬಗ್ಗೆ, ಹಾಸ್ಟೆಲಿನ ಬಗ್ಗೆ ಮಾತಾಡುವುದಿಲ್ಲ. ತಲೆಗೂದಲಿನ ಬಗ್ಗೆ ಮಾತಾಡುತ್ತೇವೆ. "ಇದೇನ್ರಿ, ಸಂಘದ ಸಭಾದಾಗ ತಲಿ ಹಿಕ್ಕೋದು ಕಲಸ್ತೀರೇನು?" ಅಂತ ಯಾರಾದರೂ ನಗಬಹುದು. ನಗಲಿ. ಹೌದು, ತಲೆ ಹಿಕ್ಕುವುದನ್ನೇ ಹೇಳುತ್ತೇವೆ. ಯಾಕೆಂದರೆ ನಮ್ಮ ಕೇರಿಗಳ ಎಷ್ಟೋ ಹೆಣ್ಣುಮಕ್ಕಳ ಬಾಳು ಹಾಳಾದದ್ದು ತಲೆಯಲ್ಲಿ ಬಿದ್ದ ಒಂದು ಸಿಕ್ಕಿನಿಂದ. ಹಣಿಗೆ, ಒಂದಿಷ್ಟು ಎಣ್ಣೆ, ಒಂದು ತಾಸು ಬಿಡುವು, ಇಷ್ಟಿದ್ದರೆ ಬಿಡಿಸಬಹುದಾಗಿದ್ದ ಸಿಕ್ಕು ಅದು.

ಅದು ಹೇಗೆ ನಡೆಯುತ್ತದೆ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಹುಡುಗಿಯ ತಲೆಯಲ್ಲಿ ಕೂದಲು ಗಂಟಾಗುತ್ತದೆ. ಅವ್ವ ಕೂಲಿಗೆ ಹೋಗಿರುತ್ತಾಳೆ, ನಾಳೆ ಬಿಡಿಸಿದರಾಯಿತು ಅಂತ ಬಿಡುತ್ತಾಳೆ. ಎಂಟು ದಿನಕ್ಕೆ ಗಂಟು ಬಲಿಯುತ್ತದೆ. ಹಣಿಗೆ ಹಾಕಿದರೆ ಹುಡುಗಿ ಚೀರುತ್ತಾಳೆ. ಅಷ್ಟರಲ್ಲಿ ಓಣಿಯಲ್ಲಿ ಯಾರೋ ಒಬ್ಬರು ನೋಡಿ, "ಯವ್ವಾ, ಜಡಿ ಬಂದದ, ತಾಯಿ ಬಂದಾಳ, ಮುಟ್ಟಬ್ಯಾಡ್ರಿ" ಅಂತಾರೆ. ಮುಗಿಯಿತು. ಆ ಮಾತು ಬಿದ್ದ ಮೇಲೆ ಯಾರೂ ಹಣಿಗೆ ಮುಟ್ಟುವುದಿಲ್ಲ. ಎಣ್ಣೆಯ ಬದಲು ಭಂಡಾರ ಬೀಳುತ್ತದೆ. ಭಂಡಾರ ಬಿದ್ದು, ಬೆವರು ಸೇರಿ, ಗಂಟು ಇನ್ನೂ ಗಟ್ಟಿಯಾಗುತ್ತದೆ. ಗಟ್ಟಿಯಾದಷ್ಟೂ ಅಂಜಿಕೆ ಹೆಚ್ಚುತ್ತದೆ. ಕಡೆಗೆ ಎಲ್ಲಮ್ಮನ ಹೆಸರಿನಲ್ಲಿ, ಹುಲಿಗೆಮ್ಮನ ಹೆಸರಿನಲ್ಲಿ ಹುಡುಗಿಗೆ ಮುತ್ತು ಕಟ್ಟುವ ಮಾತು ಬರುತ್ತದೆ. ಮುತ್ತು ಕಟ್ಟಿದ ಮೇಲೆ ಅವಳಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ಅಪ್ಪನ ಹೆಸರಿಲ್ಲ. ಊರ ಉಳ್ಳವನಿಗೆ ಮಾತ್ರ ಅವಳ ಮೇಲೆ ಹಕ್ಕಿದೆ.

ಒಂದು ಪ್ರಶ್ನೆ ಕೇಳುತ್ತೇವೆ, ಮನಸ್ಸಿಟ್ಟು ಯೋಚಿಸಿ. ಊರ ಗೌಡರ ಮನೆಯ ಹುಡುಗಿಗೆ ತಲೆಯಲ್ಲಿ ಸಿಕ್ಕು ಬೀಳುವುದಿಲ್ಲವೇ? ಬೀಳುತ್ತದೆ. ಅವಳ ಕೂದಲೂ ಕೂದಲೇ. ಆದರೆ ಅವಳಿಗೆ ಸಿಕ್ಕು ಬಿದ್ದರೆ ಎಣ್ಣೆ ಬರುತ್ತದೆ, ನಮ್ಮ ಹುಡುಗಿಗೆ ಬಿದ್ದರೆ ಎಲ್ಲಮ್ಮ ಬರುತ್ತಾಳೆ. ತಾಯಿ ಎಲ್ಲರ ತಾಯಿಯಾದರೆ ಮಾದಿಗರ ಕೇರಿ, ಹೊಲೆಯರ ಕೇರಿಯ ಮಕ್ಕಳ ತಲೆಯನ್ನೇ ಯಾಕೆ ಹುಡುಕಿಕೊಂಡು ಬರುತ್ತಾಳೆ? ಬರುವವಳು ತಾಯಿಯಲ್ಲ ಅಕ್ಕಾ. ನಮ್ಮ ಬಡತನ ಬರುತ್ತದೆ, ಅದಕ್ಕೆ ದೇವರ ಹೆಸರು ಇಡುತ್ತಾರೆ, ಅಷ್ಟೆ.

ಹಾಗಾದರೆ ಈ ಸಿಕ್ಕು ಅನ್ನುವುದು ಏನು? ಮೊದಲು ಅದನ್ನು ತಿಳಿಯೋಣ. ತಿಳಿದರೆ ಅರ್ಧ ಅಂಜಿಕೆ ಹೋಗುತ್ತದೆ.

ಒಂದು ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಅದರ ಮೈಮೇಲೆ ಸಣ್ಣ ಸಣ್ಣ ಪದರುಗಳು ಕಾಣುತ್ತವೆ. ಮನೆಯ ಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ. ಕೂದಲಿಗೆ ಎಣ್ಣೆಯ ಪಸೆ ಇದ್ದರೆ ಈ ಪದರು ಮಲಗಿರುತ್ತವೆ, ಕೂದಲ ಮೇಲೆ ಕೂದಲು ಜಾರುತ್ತದೆ. ಒಣಗಿದರೆ, ಉಜ್ಜಿದರೆ, ಸವೆದರೆ ಪದರು ಎದ್ದು ನಿಲ್ಲುತ್ತವೆ. ಆಗ ಒಂದು ಕೂದಲು ಇನ್ನೊಂದನ್ನು ಹಿಡಿಯುತ್ತದೆ. ಉಣ್ಣೆಯನ್ನು ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಹೇಗೆ ಒಂದಕ್ಕೊಂದು ಕೂಡಿ ಗಟ್ಟಿಯಾಗುತ್ತದೋ ಹಾಗೆ ತಲೆಗೂದಲೂ ಗಟ್ಟಿಯಾಗುತ್ತದೆ.

ಗುಂಗುರು ಕೂದಲಿನವರಿಗೆ ಇದು ಹೆಚ್ಚು. ನೆಟ್ಟಗಿನ ಕೂದಲಲ್ಲಿ ಬುಡದ ಎಣ್ಣೆ ಸಲೀಸಾಗಿ ತುದಿಯ ತನಕ ಇಳಿಯುತ್ತದೆ. ಗುಂಗುರು ಕೂದಲಲ್ಲಿ ಪ್ರತಿ ಸುರುಳಿಗೂ ತಡೆದು ನಿಲ್ಲುತ್ತದೆ. ಬುಡ ಜಿಡ್ಡು, ತುದಿ ಒಣ. ಒಣಗಿದ ತುದಿ ಪಕ್ಕದ ಸುರುಳಿಯೊಳಗೆ ಹೊಕ್ಕು ಗಂಟು ಹಾಕಿಕೊಳ್ಳುತ್ತದೆ. ಇದು ಹುಟ್ಟಿನಿಂದ ಬಂದ ಕೂದಲಿನ ಗುಣ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಕಾಡಿನಲ್ಲಿರುವ ಸಿದ್ದಿ ಜನರನ್ನು ನೋಡಿ. ಅವರ ಹಿರಿಯರು ಆಫ್ರಿಕದಿಂದ ಬಂದವರು, ಬಹಳ ಮಂದಿಯನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದರು. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರಲ್ಲಿ ಎಷ್ಟೋ ಜನರ ಕೂದಲು ಹುಟ್ಟುತ್ತಲೇ ಸಣ್ಣ ಸಣ್ಣ ಸುರುಳಿ. ಗುಂಗುರು ಕೂದಲೇ ದೇವಿಯ ಗುರುತಾಗಿದ್ದರೆ ಒಂದು ಜನಾಂಗಕ್ಕೆ ಜನಾಂಗವನ್ನೇ ಎಲ್ಲಮ್ಮ ಕರೆಯಬೇಕಿತ್ತು! ಅಂಥ ಕೂದಲಿಗೆ ಬೇರೆ ರೀತಿಯ ಆರೈಕೆ ಬೇಕು, ಅಷ್ಟೇ.

ಇನ್ನೊಂದು ಲೆಕ್ಕ ಕೇಳ್ರಿ. ಆರೋಗ್ಯವಾಗಿರುವ ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ದಿನಾ ಹಿಕ್ಕಿದರೆ ಅವು ಹಣಿಗೆಯಲ್ಲಿ ಬರುತ್ತವೆ. ಹಿಕ್ಕದಿದ್ದರೆ ಎಲ್ಲಿಗೆ ಹೋಗುತ್ತವೆ? ತಲೆಯಲ್ಲೇ ಉಳಿಯುತ್ತವೆ, ಬದುಕಿರುವ ಕೂದಲಿಗೆ ದಾರದಂತೆ ಸುತ್ತಿಕೊಳ್ಳುತ್ತವೆ. ಹದಿನೈದು ದಿನ ತುರುಬು ಬಿಚ್ಚದಿದ್ದರೆ ಸಾವಿರದಷ್ಟು ಉದುರಿದ ಕೂದಲು ಒಳಗೇ ಇರುತ್ತವೆ. ಜಡಿ ಅನ್ನುವುದರ ದೊಡ್ಡ ಪಾಲು ಇದೇ. ಉದುರಿ ಹೊರಗೆ ಹೋಗಲಾರದ ಕೂದಲು.

ಇದಕ್ಕೆ ನಮ್ಮ ದುಡಿಮೆ ಸೇರುತ್ತದೆ. ತೊಗರಿ ರಾಶಿ ಮಾಡುವಾಗ ಹೊಟ್ಟು, ಧೂಳು ತಲೆ ತುಂಬುತ್ತದೆ. ಶಹಾಬಾದ ಕಡೆ ಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ ಕಲ್ಲಿನ ಪುಡಿ. ಇಟ್ಟಂಗಿ ಭಟ್ಟಿಯಲ್ಲಿ ಬೂದಿ. ತಲೆಯ ಮೇಲೆ ಸಿಂಬಿ ಇಟ್ಟು ಬುಟ್ಟಿ ಹೊತ್ತರೆ ನಡುನೆತ್ತಿಯ ಕೂದಲು ದಿನವೆಲ್ಲ ತಿಕ್ಕುತ್ತದೆ. ನಮ್ಮದು ಸುಣ್ಣಕಲ್ಲಿನ ಸೀಮೆ, ಬೋರಿನ ನೀರು ಗಡಸು. ಗಡಸು ನೀರಲ್ಲಿ ಬಟ್ಟೆಯ ಸಾಬೂನು ಹಚ್ಚಿ ತಲೆ ಎರೆದುಕೊಂಡರೆ ನೊರೆ ಬರುವುದಿಲ್ಲ, ಬಿಳಿ ಜಿಗಟು ಕೂದಲಿಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಹೇನು. ಕೆರೆದು ಹುಣ್ಣಾದರೆ ಕೀವು ಒಸರಿ ಕೂದಲನ್ನು ಅಂಟಿನಂತೆ ಕೂಡಿಸುತ್ತದೆ. ನೀರಿಗೆ ಪಾಳಿ ಹಚ್ಚುವ ಓಣಿಯಲ್ಲಿ ವಾರಕ್ಕೊಮ್ಮೆ ತಲೆ ಎರೆದುಕೊಳ್ಳುವುದೂ ಕಷ್ಟ. ಹೀಗಿರುವಾಗ ಸಿಕ್ಕು ಬೀಳದಿದ್ದರೆ ಆಶ್ಚರ್ಯ!

ಬ್ಯಾನಿ ಬಿದ್ದವರ ಮಾತು ಬೇರೆ ಇದೆ. ಬಾಣಂತಿ, ಜ್ವರದಿಂದ ಮಲಗಿದವರು, ಕೈಕಾಲು ಬಿದ್ದ ಮುದುಕಿಯರು, ಮನಸ್ಸು ಕೆಟ್ಟು ಮೂಲೆ ಹಿಡಿದು ಕೂತ ಹೆಣ್ಣುಮಕ್ಕಳು, ಇವರ ತಲೆಯನ್ನು ಯಾರೂ ಮುಟ್ಟುವುದಿಲ್ಲ. ಹಾಸಿಗೆಗೆ ತಿಕ್ಕಿ ತಿಕ್ಕಿ ಹಿಂತಲೆಯಲ್ಲಿ ಕೂದಲು ಹೆಣೆದುಕೊಳ್ಳುತ್ತದೆ. ಆಮೇಲೆ ಜನ ಉಲ್ಟಾ ಹೇಳುತ್ತಾರೆ: "ಜಡಿ ಬಂದದ್ದಕ್ಕ ಬ್ಯಾನಿ ಬಂತು." ಹಾಗಲ್ಲ. ಬ್ಯಾನಿ ಬಂದದ್ದರಿಂದ ಜಡಿ ಬಿತ್ತು.

"ಹಂಗಲ್ಲರೀ, ನಿನ್ನೆ ಇದ್ದಿದ್ದಿಲ್ಲ, ಒಂದ ದಿನದಾಗ ಬಂತು" ಅನ್ನುವವರಿದ್ದಾರೆ. ಅದೂ ಆಗುವುದುಂಟು. ಉದ್ದ ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ, ಸಾಬೂನು ಹಚ್ಚಿ, ಗರಗರ ತಿಕ್ಕಿ ತೊಳೆದರೆ ಒಂದೇ ಸಲಕ್ಕೆ ಕೂದಲು ಹೆಣೆದು ಹಕ್ಕಿಯ ಗೂಡಿನಂತಾಗಬಹುದು. ವೈದ್ಯರು ಇದನ್ನು ನೋಡಿ ಬರೆದಿಟ್ಟಿದ್ದಾರೆ. ನಮ್ಮ ದೇವಿಯ ಹೆಸರನ್ನೇ ಕೇಳದ ದೇಶಗಳಲ್ಲೂ ಹೀಗೆ ಆಗಿದೆ.

ಈಗ ಬೀಳದಂತೆ ಏನು ಮಾಡಬೇಕು, ಅದನ್ನು ಹೇಳುತ್ತೇವೆ. ಹುಡುಗಿಯರು ಬರೆದುಕೊಳ್ಳಲಿ.

ಒಣ ಕೂದಲಿಗೆ ಹಣಿಗೆ ಹಾಕಬೇಡಿ. ಗುಂಗುರು ಕೂದಲಿಗಂತೂ ಬೇಡವೇ ಬೇಡ. ಮೊದಲು ಅಂಗೈಯಲ್ಲಿ ನಾಲ್ಕು ಹನಿ ಎಣ್ಣೆ ತಿಕ್ಕಿ ತುದಿಗೆ ಹಚ್ಚಿ. ನಮ್ಮವರು ಎಣ್ಣೆಯನ್ನೆಲ್ಲ ನೆತ್ತಿಗೆ ಸುರಿಯುತ್ತಾರೆ, ಬೇಕಾದದ್ದು ತುದಿಗೆ. ಕೊಬ್ಬರಿ ಎಣ್ಣೆ ಒಳ್ಳೆಯದು, ಅದು ಕೂದಲೊಳಗೆ ಇಳಿಯುತ್ತದೆ. ಅದು ತುಟ್ಟಿಯಾದರೆ ಮನೆಯಲ್ಲಿರುವ ಕುಸುಬಿ ಎಣ್ಣೆಯೂ ನಡೆಯುತ್ತದೆ. ಔಡಲ ಎಣ್ಣೆ ದಪ್ಪ, ಅದನ್ನು ಇನ್ನೊಂದು ಎಣ್ಣೆಗೆ ಬೆರೆಸಿ ಹಚ್ಚಿ.

ಹಣಿಗೆ ಅಗಲ ಹಲ್ಲಿನದಿರಲಿ. ಸೂಪರ್ ಮಾರ್ಕೆಟ್‌ನ ಗಾಡಿಯ ಮೇಲೆ ಸಿಗುತ್ತದೆ, ಬಹಳ ದುಡ್ಡಿನದಲ್ಲ. ಮೊದಲು ಬೆರಳಿಂದ ಬಿಡಿಸಿ, ಆಮೇಲೆ ಹಣಿಗೆ. ಕೂದಲನ್ನು ನಾಲ್ಕು ಭಾಗ ಮಾಡಿಕೊಳ್ಳಿ. ಹಿಕ್ಕುವುದನ್ನು ತುದಿಯಿಂದ ಶುರು ಮಾಡಿ, ನಾಲ್ಕು ಬೆರಳಷ್ಟು ಬಿಟ್ಟಿತು ಅಂದರೆ ಅದರ ಮೇಲಿನದಕ್ಕೆ ಹೋಗಿ. ಹೀಗೆ ಬುಡಕ್ಕೆ ಹತ್ತಬೇಕು. ನೆತ್ತಿಯಿಂದ ಒಂದೇ ಸಲಕ್ಕೆ ಎಳೆದರೆ ಸಿಕ್ಕೆಲ್ಲ ಕೆಳಗೆ ಹೋಗಿ ಒಂದೇ ಗಂಟಾಗುತ್ತದೆ. ಹಿಕ್ಕುವಾಗ ಗಂಟಿನ ಮೇಲ್ಗಡೆ ಕೂದಲನ್ನು ಇನ್ನೊಂದು ಕೈಯಲ್ಲಿ ಬಿಗಿಹಿಡಿಯಿರಿ. ಆಗ ಎಳೆತ ಬುಡಕ್ಕೆ ತಾಗುವುದಿಲ್ಲ, ಕೂಸು ಅಳುವುದಿಲ್ಲ. ಕೂಸು ಅಳದಿದ್ದರೆ ನಾಳೆಯೂ ತಲೆ ಕೊಡುತ್ತದೆ.

ತಲೆ ಎರೆಯುವಾಗ ಕೂದಲನ್ನು ನೆತ್ತಿಗೆ ಗುಡ್ಡೆ ಹಾಕಬೇಡಿ. ಇಳಿಬಿಟ್ಟು, ಬೆರಳನ್ನು ಮೇಲಿಂದ ಕೆಳಕ್ಕೆ ಮಾತ್ರ ಆಡಿಸಿ. ಸೀಗೆಕಾಯಿ ಆಗಲಿ, ಶಾಂಪೂ ಪ್ಯಾಕೆಟ್ಟಾಗಲಿ, ಬುಡಕ್ಕೆ ಹಚ್ಚಿದರೆ ಸಾಕು, ತೊಳೆಯುವ ನೀರಲ್ಲಿ ತುದಿ ತಾನೇ ತೊಳೆಯುತ್ತದೆ. ಬಟ್ಟೆಯ ಸಾಬೂನು ಬೇಡ. ಗಡಸು ನೀರಿದ್ದರೆ ಕೊನೆಯ ಚರಿಗೆ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಹಾಕಿ, ಕಣ್ಣಿಗೆ ಬೀಳದಂತೆ ಸುರಿದು, ಮತ್ತೆ ಒಳ್ಳೆ ನೀರು ಹಾಕಿ. ಜಿಗಟು ಬಿಡುತ್ತದೆ. ಒರೆಸುವಾಗ ತಿಕ್ಕದೆ, ಹಳೆಯ ಮೆತ್ತನೆ ಸೀರೆಯಲ್ಲಿ ಒತ್ತಿ ನೀರು ಹೀರಿಸಿ. ಹಸಿ ಇರುವಾಗ ತುರುಬು ಕಟ್ಟಬೇಡಿ.

ರಾತ್ರಿ ಮಲಗುವಾಗ ಎರಡು ಹೆಳಲು ಹಾಕಿ ಮಲಗಿ. ಬಿಟ್ಟ ಕೂದಲು ಹಾಸಿಗೆಗೆ ತಿಕ್ಕಿ ಗಂಟಾಗುತ್ತದೆ, ಹೆಣೆದ ಕೂದಲು ಆಗುವುದಿಲ್ಲ. ಹೊಲಕ್ಕೆ, ಗಣಿಗೆ ಹೋಗುವಾಗ ಹೆಳಲು ಹಾಕಿ, ಅದರ ಮೇಲೆ ಬಟ್ಟೆ ಬಿಗಿದುಕೊಳ್ಳಿ. ಎರಡು ಮೂರು ತಿಂಗಳಿಗೊಮ್ಮೆ ತುದಿಯನ್ನು ಒಂದು ಬೆರಳಷ್ಟು ಕತ್ತರಿಸಿ, ಸೀಳಿದ ತುದಿಯಿಂದಲೇ ಗಂಟು ಶುರುವಾಗುವುದು. ದಿನ ತುಂಬಿದ ಬಸುರಿಗೆ ಹೆರಿಗೆಗೆ ಮೊದಲೇ ಸಡಿಲವಾಗಿ ಎರಡು ಹೆಳಲು ಹಾಕಿಡಿ, ಬಾಣಂತನದಲ್ಲಿ ಎರಡು ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಹಾಕಿ. ಬಾಣಂತಿಯ ತಲೆಗೆ ಹಣಿಗೆ ತಾಗಿಸಬಾರದು ಅನ್ನುವ ಮಾತು ಬಿಡಿ.

ಇದೆಲ್ಲ ಹೆಂಗಸರ ಕೆಲಸ ಅಂತ ಗಂಡಸರು ಮುಖ ತಿರುಗಿಸಬೇಡಿ. ಅವ್ವ ಹೊತ್ತು ಮೂಡುವ ಮೊದಲೇ ಕೂಲಿಗೆ ಹೋದರೆ ಮಗಳ ತಲೆ ಹಿಕ್ಕುವುದು ಅಪ್ಪನಿಂದ ಯಾಕೆ ಆಗುವುದಿಲ್ಲ? ಎತ್ತಿನ ಮೈ ತಿಕ್ಕುವ ಕೈಗೆ ಮಗಳ ತಲೆ ಭಾರವೇ?

ಹೇನಿನ ವಿಷಯ. ಇದರಲ್ಲಿ ನಾಚಿಕೆ ಪಡುವುದೇನೂ ಇಲ್ಲ, ಹೇನು ಜಾತಿ ನೋಡುವುದಿಲ್ಲ. ಕೂದಲಿಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಆಮೇಲೆ ಸಣ್ಣ ಹಲ್ಲಿನ ಹಣಿಗೆಯಲ್ಲಿ ಬುಡದಿಂದ ತುದಿಗೆ ಬಾಚಿ, ಬಿಳಿ ಬಟ್ಟೆಗೆ ಒರೆಸಿ. ಸೀರು ಒಡೆದು ಮರಿಯಾಗಲು ಏಳರಿಂದ ಹತ್ತು ದಿನ ಬೇಕು. ಅದಕ್ಕೆ ಒಂದು ಸಲ ಬಾಚಿದರೆ ಸಾಲದು. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರ, ಮನೆಯ ಎಲ್ಲರಿಗೂ ಒಟ್ಟಿಗೆ ಬಾಚಬೇಕು. ಔಷಧ ಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಪರ್ಮೆಥ್ರಿನ್ ಅನ್ನುವ ಲೋಷನ್ ಇದೆ. ಸೀಮೆಎಣ್ಣೆ ಹಚ್ಚಬೇಡಿ. ಹತ್ತಿಗೆ ಹೊಡೆಯುವ ವಿಷವನ್ನಂತೂ ತಲೆಯ ಹತ್ತಿರ ತರಬೇಡಿ. ನೆತ್ತಿ ಸುಡುತ್ತದೆ, ವಿಷ ಚರ್ಮದಿಂದ ಒಳಗೆ ಇಳಿಯುತ್ತದೆ, ಒಲೆಯ ಮುಂದೆ ಕೂತರೆ ಸೀಮೆಎಣ್ಣೆಯ ತಲೆಗೆ ಬೆಂಕಿ ಹತ್ತುತ್ತದೆ.

ಈಗಾಗಲೇ ಗಂಟು ಬಿದ್ದಿದ್ದರೆ? ಮೊದಲನೆಯ ಮಾತು, ಬಿಸಿನೀರು ಹಾಕಿ ತಿಕ್ಕಬೇಡಿ. ಉಣ್ಣೆಯ ಮಾತು ನೆನಪಿಡಿ, ನೀರು ಹಾಕಿ ತಿಕ್ಕಿದಷ್ಟೂ ಗಟ್ಟಿಯಾಗುತ್ತದೆ. ಒಣ ಗಂಟಿಗೆ ಎಣ್ಣೆ ಹಚ್ಚಿ, ಬೆರಳಿಂದ ಒತ್ತಿ ಒತ್ತಿ ಒಳಗೆ ಇಳಿಸಿ, ಒಂದು ರಾತ್ರಿ ಬಟ್ಟೆ ಕಟ್ಟಿ ಬಿಡಿ. ಬೆಳಿಗ್ಗೆ ಗಂಟನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಬಿಚ್ಚಿ, ಒಂದು ದೊಡ್ಡ ಗಂಟು ಎರಡು ಸಣ್ಣದಾಗಲಿ, ಎರಡು ನಾಲ್ಕಾಗಲಿ. ಮೊಂಡು ದಬ್ಬಣದ ಹಿಂಭಾಗದಿಂದ, ಹಣಿಗೆಯ ತುದಿ ಹಲ್ಲಿನಿಂದ ಒಂದೊಂದೇ ಎಳೆ ಹೊರಗೆ ತೆಗೆಯಿರಿ. ಉದುರಿದ ಕೂದಲು ಕೈಗೆ ಉಂಡೆಯಾಗಿ ಬರುತ್ತದೆ. "ಅಯ್ಯ, ಕೂದಲೆಲ್ಲ ಹೋಯ್ತು" ಅಂತ ಅಂಜಬೇಡಿ, ಅದು ಎಂದೋ ಉದುರಿದ್ದು. ಒಂದೇ ದಿನದಲ್ಲಿ ಮುಗಿಯಬೇಕೆಂದಿಲ್ಲ. ದಿನಕ್ಕೆ ಒಂದು ತಾಸು, ಮೂರು ದಿನ ಕೂತರೂ ಸರಿ.

ಗಂಟು ಬೆರಳಿಗೆ ಬಗ್ಗದಿದ್ದರೆ ಕತ್ತರಿ ತೆಗೆದುಕೊಳ್ಳಿ. ಅಡ್ಡ ಕತ್ತರಿಸಬೇಡಿ. ಕೂದಲಿನ ಉದ್ದಕ್ಕೆ, ಮೇಲಿಂದ ಕೆಳಕ್ಕೆ, ಗಂಟನ್ನು ಎರಡು ಮೂರು ಕಡೆ ಸೀಳಿ, ಸೀಳಿದ್ದನ್ನು ಎಣ್ಣೆ ಹಾಕಿ ಹಿಕ್ಕಿ. ಉದ್ದ ಬಹಳಷ್ಟು ಉಳಿಯುತ್ತದೆ. ವರ್ಷಗಟ್ಟಲೆ ಹಳೆಯದಾಗಿ ಕಟ್ಟಿಗೆಯಂತಾಗಿದ್ದರೆ ಮಾತ್ರ ಬುಡದಲ್ಲಿ ಕತ್ತರಿಸಬೇಕು. ಗಂಟಿನ ಕೆಳಗೆ ಹಣಿಗೆ ಅಥವಾ ಬೆರಳು ತೂರಿಸಿ, ಚರ್ಮವನ್ನು ಕಾಯ್ದುಕೊಂಡು ಕತ್ತರಿಸಿ. ಒಳಗೆ ಹುಣ್ಣು, ಕೀವು, ಹುಳು, ಕೆಟ್ಟ ವಾಸನೆ ಇದ್ದರೆ ಮನೆಯಲ್ಲಿ ಕೈ ಹಾಕದೆ ಜಿಮ್ಸ್ ಆಸ್ಪತ್ರೆಗೆ ಕರಕೊಂಡು ಹೋಗಿ. ಚರ್ಮದ ಡಾಕ್ಟರಿಗೆ ಇದು ಹೊಸದಲ್ಲ. ಮನಸ್ಸಿನ ಬ್ಯಾನಿ ಇದ್ದರೆ ಕೂದಲು ಬಿಡಿಸಿದರಷ್ಟೇ ಸಾಲದು, ಅದಕ್ಕೂ ಔಷಧ ಬೇಕು, ಜೊತೆ ಕೂರುವ ಮನುಷ್ಯರು ಬೇಕು.

"ಜಡಿ ಕತ್ತರಿಸಿದರ ರಕ್ತ ಬರ್ತದ, ಮನ್ಯಾಗ ಹೆಣ ಬೀಳ್ತದ" ಅಂತಾರೆ. ಕೂದಲಲ್ಲಿ ನರ ಇಲ್ಲ, ರಕ್ತ ಇಲ್ಲ. ಚರ್ಮದಿಂದ ಹೊರಗೆ ಬಂದ ಕೂದಲು ಉಗುರಿನ ತುದಿಯಂತೆ ಜೀವವಿಲ್ಲದ್ದು. ರಕ್ತ ಬಂದಿದ್ದರೆ ಕತ್ತರಿ ಚರ್ಮಕ್ಕೆ ತಾಗಿದೆ ಎಂದು ಅರ್ಥ. ಇನ್ನು ಸಾವಿನ ಮಾತು. ನಮ್ಮ ಓಣಿಯಲ್ಲಿ ಜಡಿ ಕತ್ತರಿಸದ ಮನೆಗಳಲ್ಲಿ ಸಾವು ಬರುವುದಿಲ್ಲವೇ? ಜ್ವರ ಬರುವುದಿಲ್ಲವೇ? ಕೂಲಿ ಮಾಡುವವರ ಮನೆಯಲ್ಲಿ ವರ್ಷದೊಳಗೆ ಒಂದಲ್ಲ ಒಂದು ಕಷ್ಟ ಬಂದೇ ಬರುತ್ತದೆ. ಕತ್ತರಿಸಿದ್ದರೆ ಆ ಕಷ್ಟವನ್ನು ಕತ್ತರಿಯ ಲೆಕ್ಕಕ್ಕೆ ಬರೆಯುತ್ತಾರೆ. ಕತ್ತರಿಸದಿದ್ದರೆ ಹಣೆಬರಹದ ಲೆಕ್ಕಕ್ಕೆ ಬರೆಯುತ್ತಾರೆ. ಲೆಕ್ಕ ಬರೆಯುವವನು ಪೂಜಾರಿ, ತೀರಿಸುವವರು ನಾವು.

ಈ ಅಂಜಿಕೆ ನಮ್ಮ ದೇಶದ್ದು ಮಾತ್ರ ಅಲ್ಲ. ಯುರೋಪಿನ ಪೋಲೆಂಡಿನಲ್ಲಿ ನೂರಾರು ವರ್ಷ ಬಡ ರೈತರ ತಲೆಯಲ್ಲಿ ಹೀಗೇ ಜಡಿ ಇರುತ್ತಿತ್ತು. ವೈದ್ಯರು ಅದಕ್ಕೆ ಪ್ಲೈಕಾ ಪೊಲೊನಿಕಾ, ಅಂದರೆ ಪೋಲೆಂಡಿನ ಜಡೆ, ಅಂತಲೇ ಹೆಸರಿಟ್ಟರು. ಅಲ್ಲಿಯ ಜನರೂ ಕತ್ತರಿಸಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ ಅನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೋಜೆಫ್ ಡೀಟ್ಲ್ ಇದು ರೋಗವೂ ಅಲ್ಲ, ಮಾಟವೂ ಅಲ್ಲ, ತಲೆ ತೊಳೆಯದೆ ಹಿಕ್ಕದೆ ಬಿಟ್ಟದ್ದರ ಫಲ ಎಂದು ತೋರಿಸಿ ಅದರ ವಿರುದ್ಧ ಹೋರಾಡಿದ. ಮುಂದೆ ಅವನೇ ಆ ನಗರದ ಮೇಯರ್ ಕೂಡ ಆದ. ಇವತ್ತು ಅಲ್ಲಿ ಆ ಅಂಜಿಕೆ ಇಲ್ಲ. ಅಲ್ಲಿ ಎಲ್ಲಮ್ಮ ಇರಲಿಲ್ಲ, ಆದರೂ ಜಡಿ ಇತ್ತು. ಬಡತನ ಇತ್ತು, ಅದಕ್ಕೇ ಇತ್ತು.

ಅಷ್ಟು ದೂರ ಯಾಕೆ? ನಮ್ಮವರು ಕೂಲಿಗೆ ಗುಳೆ ಹೋಗುವ ಪುಣೆಯಲ್ಲೇ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಈ ಕೆಲಸ ಮಾಡುತ್ತಾ ಬಂದಿದ್ದಾರೆ. ಆ ಸಮಿತಿಯನ್ನು 1989ರಲ್ಲಿ ಕಟ್ಟಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಗುಂಡಿಟ್ಟು ಕೊಂದರು. ಆದರೂ ಕೆಲಸ ನಿಲ್ಲಲಿಲ್ಲ. ಸಮಿತಿಯ ನಂದಿನಿ ಜಾಧವ್ ಅನ್ನುವ ಹೆಣ್ಣುಮಗಳು ಮನೆಮನೆಗೆ ಹೋಗಿ, ಕೂತು ಮಾತಾಡಿ, ಅಂಜಿಕೆ ಬಿಡಿಸಿ, ನೂರಾರು ಹೆಂಗಸರ ಜಡಿ ಕತ್ತರಿಸಿದ್ದಾರೆ. ಆ ಹೆಂಗಸರು ತಲೆಯ ಭಾರ ಇಳಿಸಿಕೊಂಡು ಬದುಕುತ್ತಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಹುರುಪಿನ ಹುಡುಗರು ಕೇಳಬೇಕು. ಜಡಿ ಇರುವ ಜೋಗತಿಯಮ್ಮನನ್ನು ಕಂಡು ನಗಬೇಡಿ. ಹಿಡಿದು ಕೂರಿಸಿ ಬಲವಂತವಾಗಿ ಕತ್ತರಿ ಹಾಕಬೇಡಿ. ಅವಳಿಗೆ ಮುತ್ತು ಕಟ್ಟುವಾಗಲೂ ಯಾರೂ ಅವಳನ್ನು ಕೇಳಲಿಲ್ಲ, ಕತ್ತರಿಸುವಾಗಲೂ ಕೇಳದಿದ್ದರೆ ನಮಗೂ ಅವರಿಗೂ ಏನು ಫರಕು? ಎಷ್ಟೋ ಅವ್ವಂದಿರಿಗೆ ಆ ಜಡಿಯಿಂದಲೇ ಜೋಳ ಹಿಟ್ಟು ಸಿಗುತ್ತದೆ, ಊರಲ್ಲಿ ಅದೊಂದೇ ಮರ್ಯಾದೆ. ಅದನ್ನು ಕತ್ತರಿಸಿ ಬರಿಗೈಯಲ್ಲಿ ಬಿಟ್ಟು ಬರುವುದು ಸುಧಾರಣೆ ಅಲ್ಲ. ಪಿಂಚಣಿಯ ಅರ್ಜಿ, ರೇಷನ್ ಕಾರ್ಡು, ಮಗಳ ಹಾಸ್ಟೆಲಿನ ಸೀಟು, ಇವುಗಳ ಮಾತು ಮೊದಲು ಆಡಿ. ಅವಳು ಹೂಂ ಅಂದ ದಿನ ಕತ್ತರಿ. ಕತ್ತರಿಸಿದ ಕೂದಲನ್ನು ಹೊಳೆಗೆ ಬಿಡುತ್ತೇನೆ ಅಂದರೆ ಬಿಡಲಿ, ಜೊತೆಗೆ ಹೋಗಿ.

ಹೊಳೆಗೆ ಜಡಿ ಬಿಟ್ಟ ಕಥೆ ಹೊಸದಲ್ಲ. ಬುದ್ಧನ ಕಾಲದಲ್ಲಿ ಉರುವೇಲದಲ್ಲಿ ಕಸ್ಸಪ ಎಂಬ ಮೂವರು ಅಣ್ಣತಮ್ಮಂದಿರಿದ್ದರು. ಜಟೆ ಬಿಟ್ಟ ದೊಡ್ಡ ತಪಸ್ವಿಗಳು, ಶಿಷ್ಯರು ನೂರಾರು. ಬುದ್ಧನ ಮಾತು ತಿಳಿದ ಮೇಲೆ ಹಿರಿಯ ಕಸ್ಸಪ ಮತ್ತು ಅವನ ಶಿಷ್ಯರು ಜಟೆ ಕತ್ತರಿಸಿ ನೇರಂಜರಾ ನದಿಗೆ ಬಿಟ್ಟರು. ಕೆಳಗಿನ ಹರಿವಿನಲ್ಲಿದ್ದ ತಮ್ಮಂದಿರು ನೀರಲ್ಲಿ ತೇಲಿ ಬರುತ್ತಿದ್ದ ಜಟೆ ಕಂಡು ಅಣ್ಣನಿಗೆ ಏನಾಯಿತೋ ಎಂದು ಓಡಿ ಬಂದರು, ಬಂದು ಅವರೂ ಕತ್ತರಿಸಿದರು. ನಮ್ಮ ಕಲಬುರಗಿಯ ಬುದ್ಧ ವಿಹಾರಕ್ಕೆ ಹೋದಾಗ ಈ ಕಥೆಯನ್ನು ಮಕ್ಕಳಿಗೆ ಹೇಳಿ.

ಬಾಬಾಸಾಹೇಬರೂ ಈ ಮಾತನ್ನು ಬಿಡಲಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅವರು ನಮ್ಮ ಹೆಂಗಸರಿಗೆ ಹೇಳಿದ್ದು ಉಡುವ ಸೀರೆಯ, ಹಾಕುವ ಒಡವೆಯ ಮಾತು. ಅಸ್ಪೃಶ್ಯರೆಂದು ಗುರುತಿಸುವ ಗುರುತುಗಳನ್ನೆಲ್ಲ ಮೈಮೇಲಿಂದ ತೆಗೆಯಿರಿ ಎಂದರು. 1936ರ ಜೂನ್ 16ರಂದು ಮುಂಬಯಿಯ ಪರೇಲಿನ ದಾಮೋದರ ಹಾಲಿನಲ್ಲಿ ದೇವದಾಸಿಯರ, ಜೋಗತಿಯರ ಸಭೆಗೇ ಹೋಗಿ, ಈ ಬದುಕು ಬಿಟ್ಟು ಹೊರಗೆ ಬನ್ನಿ ಎಂದು ನೇರವಾಗಿ ಹೇಳಿದರು. ಮೈಮೇಲಿನ ಗುರುತು ಸಣ್ಣದಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮ ಗಂಡಸರ ಕೂದಲು ಕತ್ತರಿಸಲು ಕ್ಷೌರದ ಅಂಗಡಿಯಲ್ಲಿ ಒಪ್ಪದ ಹಳ್ಳಿಗಳು ಈಗಲೂ ಇವೆ. ಗಂಡಸಿನ ಕೂದಲು ಮುಟ್ಟಿದರೆ ಮೈಲಿಗೆ, ಹೆಂಗಸಿನ ಜಡಿ ಮುಟ್ಟಿದರೆ ದೇವಿಯ ಶಾಪ. ಎರಡರಿಂದಲೂ ನಮ್ಮ ತಲೆಯೇ ಕೆಳಗೆ.

ಕಾನೂನಿನ ಮಾತು. 1934ರಲ್ಲೇ ಮುಂಬಯಿ ಪ್ರಾಂತ್ಯದಲ್ಲಿ ದೇವದಾಸಿ ಬಿಡುವುದರ ವಿರುದ್ಧ ಕಾನೂನು ಆಯಿತು. ನಮ್ಮ ಜಿಲ್ಲೆ ಆಗ ನಿಜಾಮರ ಕೈಯಲ್ಲಿತ್ತು, ಅದು ನಮಗೆ ಬರಲಿಲ್ಲ. ಕರ್ನಾಟಕಕ್ಕೆಲ್ಲ ಒಂದೇ ಕಾನೂನು ಮಾಡಿದ್ದು 1982ರಲ್ಲಿ. ಹುಡುಗಿ ಒಪ್ಪಿದರೂ, ಒಪ್ಪದಿದ್ದರೂ ಮುತ್ತು ಕಟ್ಟುವುದು ಅಪರಾಧ ಎಂದು ಅದು ಹೇಳಿತು. ಕಟ್ಟಿದವರಿಗೆ ಮೂರು ವರ್ಷದ ತನಕ ಜೈಲು ಎಂದು ಅದರಲ್ಲಿತ್ತು. ಕಟ್ಟಿಸಿದವರು ತಂದೆತಾಯಿ, ಬಂಧುಗಳೇ ಆಗಿದ್ದರೆ ಎರಡರಿಂದ ಐದು ವರ್ಷ ಎಂದಿತ್ತು. 2025ರಲ್ಲಿ ಶಾಸನಸಭೆ ಇನ್ನೂ ವಿಸ್ತಾರವಾದ ಮಸೂದೆ ಪಾಸು ಮಾಡಿ, ದೇವದಾಸಿಯರ ಮಕ್ಕಳ ಹಕ್ಕುಗಳನ್ನೂ ಅದರಲ್ಲಿ ಸೇರಿಸಿತು. ಆದರೆ ಕಾನೂನು ಆದ ಮೇಲೂ 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರ ಹೆಸರು ಬಂತು. ಇಷ್ಟು ಹೆಸರಿನ ಹಿಂದೆ ಎಷ್ಟು ಸಿಕ್ಕು, ಎಷ್ಟು ಹಣಿಗೆ ಮುಟ್ಟದ ದಿನಗಳು ಇದ್ದವೋ ಯೋಚಿಸಿ. 1986ರ ಮಾರ್ಚಿನಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಏಟು ತಿಂದರು. ಪೊಲೀಸರೂ ಏಟು ತಿಂದರು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಏಟು ತಿಂದು ಪಡೆದದ್ದನ್ನು ನಾವು ಮನೆಯೊಳಗೆ ಕಳೆದುಕೊಳ್ಳಬಾರದು.

ಅದಕ್ಕೆ ಬ್ರಹ್ಮಪುರದಲ್ಲೂ, ಕಮಲಾಪುರದ ಹಳ್ಳಿಗಳಲ್ಲೂ ಮೂರು ಕೆಲಸ ಮಾಡೋಣ ಅಂತ ನಿಮ್ಮ ಮುಂದೆ ಇಡುತ್ತೇವೆ. ಒಂದು, ಪ್ರತಿ ಓಣಿಯಲ್ಲಿ ಒಂದು ಅಗಲ ಹಣಿಗೆ, ಒಂದು ಹೇನಿನ ಹಣಿಗೆ, ಒಂದು ಕತ್ತರಿ, ಒಂದು ಬಾಟ್ಲಿ ಎಣ್ಣೆ ಸಂಘದ ಖರ್ಚಿನಲ್ಲಿ ಇಡೋಣ. ವಾರಕ್ಕೊಂದು ದಿನ, ಸಂತೆಯ ಹೊತ್ತಿನಲ್ಲಾದರೂ, ಕೂತು ಒಬ್ಬರ ತಲೆ ಒಬ್ಬರು ಹಿಕ್ಕೋಣ. ಎರಡು, ಬಾಣಂತಿ, ಮುದುಕಿ, ಹಾಸಿಗೆ ಹಿಡಿದವರು, ಅವರ ತಲೆ ಓಣಿಯ ಜವಾಬ್ದಾರಿ. ಮನೆಯವರಿಗೆ ಕೈ ಬಿಡುವಿಲ್ಲದಿದ್ದರೆ ಪಕ್ಕದ ಮನೆಯವರು ಹೋಗಬೇಕು. ಮೂರು, ಯಾವ ಮನೆಯಲ್ಲಿ "ತಾಯಿ ಬಂದಾಳ" ಅನ್ನುವ ಮಾತು ಕೇಳಿಸಿತೋ ಅಂದೇ ಇಬ್ಬರು ಎಣ್ಣೆ ಹಣಿಗೆ ಹಿಡಿದು ಆ ಮನೆಗೆ ಹೋಗಬೇಕು. ಮುತ್ತು ಕಟ್ಟುವ ದಿನ ಗೊತ್ತು ಮಾಡಿದ್ದಾರೆ ಅಂತ ತಿಳಿದರೆ 1098ಕ್ಕೆ ಫೋನು ಮಾಡಿ, ತಾಲೂಕಿನ ಸಿಡಿಪಿಒ ಕಚೇರಿಗೆ, ಠಾಣೆಗೆ ತಿಳಿಸಿ. ಯಾರು ಹೇಳಿದರು ಅನ್ನುವುದು ಹೊರಗೆ ಬರದಂತೆ ಸಂಘ ನೋಡಿಕೊಳ್ಳುತ್ತದೆ.

ಅಕ್ಕಾ, ತಂಗೀ, ಸಿಕ್ಕನ್ನು ಸಿಕ್ಕಾಗಿರುವಾಗಲೇ ಬಿಡಿಸಿ. ಅದಕ್ಕೆ ಯಾರೋ ಹೆಸರು ಇಡುವ ತನಕ ಕಾಯಬೇಡಿ. ಮಾತು ಸಾಕು. ಎಣ್ಣೆ ತಂದಿದ್ದೇವೆ, ಹಣಿಗೆ ತಂದಿದ್ದೇವೆ. ಯಾವ ಕೂಸಿನ ತಲೆಯಲ್ಲಿ ಸಿಕ್ಕು ಇದೆಯೋ ಮುಂದೆ ಕಳಿಸ್ರಿ, ಈಗಲೇ ಕೂಡೋಣ.

ಜೈ ಭೀಮ್.